ಕಪ್ಪುಕುಳಿಗೆ ಒಳಚಿಲಕವಿಲ್ಲ

ಕಪ್ಪುಕುಳಿಯ ಕಟ್ಟಕಡೆಯಲ್ಲಿ ಏನಿಡಬೇಕು ಎಂಬ ಮಾತು ಬರುವಷ್ಟರಲ್ಲಿ ತಟ್ಟೆಯ ಬಿಸ್ಕತ್ತು ಮುಗಿದಿತ್ತು. ಎಲ್ಲರೂ ಕಿಡಿ ಎಂದು ಕರೆಯುವ ವೆಲ್ಡಿಂಗ್ ಹುಡುಗ ಬಾಗಿಲ ಪಕ್ಕ ಅಳತೆಯ ಟೇಪು ಹಿಡಿದು ನಿಂತಿದ್ದ. ಕುರ್ಚಿಗಳು ಬೇಕಾದಷ್ಟು ಖಾಲಿ ಇದ್ದವು, ಕೂರು ಅನ್ನುವವರು ಮಾತ್ರ ಇರಲಿಲ್ಲ. ವಿಜ್ಞಾನ ಭವನದಲ್ಲಿ ಓದಿದವರು ಕೂರುತ್ತಾರೆ, ಓದದವರು ನಿಲ್ಲುತ್ತಾರೆ. ಇದೂ ಒಂದು ವಿಜ್ಞಾನವೇ ಇರಬೇಕು ಎಂದುಕೊಂಡು ಅವನು ಗೋಡೆಗೆ ಒರಗಿದ.

ಭವನದ ದುಂಡು ಹಾಲ್‌ನಲ್ಲಿ ತಗಡಿನ ಗೋಡೆ ಎಬ್ಬಿಸಿ, ಒಳಗೆ ಕಪ್ಪು ಬಟ್ಟೆ ಬಡಿದು, ಒಂದು ಕತ್ತಲೆಯ ಸುರುಳಿದಾರಿ ಮಾಡುವುದೆಂದು ಆಗಲೇ ತೀರ್ಮಾನವಾಗಿತ್ತು. ಜನ ಒಂದು ಬಾಗಿಲಿಂದ ಹೊಕ್ಕು, ಆಕಾಶದ ಕಪ್ಪುಕುಳಿಗೆ, ಅಂದರೆ ಬ್ಲ್ಯಾಕ್ ಹೋಲಿಗೆ, ಬಿದ್ದವರ ಹಾಗೆ ಸುತ್ತಿ ಸುತ್ತಿ ಕೊನೆಯ ಕೋಣೆಗೆ ಬರಬೇಕು. ಆ ಕೋಣೆಯೇ ಸಿಂಗ್ಯುಲಾರಿಟಿ, ಕಪ್ಪುಕುಳಿಯ ಕಟ್ಟಕಡೆ. ಅಲ್ಲಿ ಏನಿರಬೇಕು?

"ಒಂದು ಬಿಂದು ಇಡಿ. ದೊಡ್ಡದಾಗಿ, ಮೇಲೆ ಲೈಟ್ ಬಿಟ್ಟು," ಎಂದರು ನಿರ್ದೇಶಕರು.

"ಬಿಂದು ದೊಡ್ಡದಾಗಿರಲ್ಲ ಕಣ್ರೀ," ಎಂದರು ಪ್ರೊಫೆಸರ್. ನಿವೃತ್ತರು, ಸಲಹೆಗಾರರು, ಮಾತು ಶುರು ಮಾಡಿದರೆ ನಿಲ್ಲಿಸಲು ಅವರಿಗೂ ಬರುತ್ತಿರಲಿಲ್ಲ. "ಜೊತೆಗೆ ಕುಳಿ ತಿರುಗ್ತಾ ಇದ್ರೆ, ಲೆಕ್ಕದ ಪ್ರಕಾರ ಅದು ಬಿಂದುವೂ ಅಲ್ಲ, ಬಳೆ."

"ಬಳೆನಾ?" ನಿರ್ದೇಶಕರ ಭಾವಮೈದ ಕುರ್ಚಿಯಲ್ಲಿ ಎದ್ದು ಕೂತ. ಭವನದ ಒಳಗಿನ ನೆನಪಿನ ವಸ್ತುಗಳ ಅಂಗಡಿ ಅವನದು. "ಬಳೆ ಆದ್ರೆ ಮಾರಬಹುದು ಭಾವ."

"ಅದಕ್ಕಿಂತ ಮುಖ್ಯ," ಪ್ರೊಫೆಸರ್ ಅವನನ್ನು ನೊಣದಂತೆ ಝಾಡಿಸಿ ಮುಂದುವರಿದರು, "ಅದು ಕುಳಿಯ ನಡುವೆ ಕೂತಿರೋ ಜಾಗವೇ ಅಲ್ಲ. ತಿರುಗದ ಕುಳಿನೇ ತಗೊಳ್ಳಿ. ಒಳಗೆ ಬಿದ್ದವನಿಗೆ ಸಿಂಗ್ಯುಲಾರಿಟಿ ಅಂದ್ರೆ ನಮಗೆ ನಾಳೆ ಇದ್ದ ಹಾಗೆ. ಎಡಕ್ಕೆ ತಿರುಗು, ಬಲಕ್ಕೆ ತಿರುಗು, ಹಿಂದಕ್ಕೆ ಓಡು. ನಾಳೆ ತಪ್ಪುತ್ತಾ?"

ಯಾರಿಗೂ ತಿಳಿಯದಿದ್ದಾಗ ಓದಿದವರು ತಲೆಯಾಡಿಸುತ್ತಾರೆ; ಎಲ್ಲರೂ ಆಡಿಸಿದರು.

"ನಾಳೆಗೆ ಅಗಲ ಎಷ್ಟು ಕೊಡ್ಲಿ ಸಾರ್?" ಎಂದ ಕಿಡಿ. "ತಗಡು ಕತ್ತರಿಸ್ಬೇಕು."

"ಕೊನೆ ಅಂದ್ರಲ್ಲ," ಭಾವಮೈದ ಮಾತನ್ನು ಬಿಡಲಿಲ್ಲ. "ಎಲ್ಲಿಗೆ ಹೋದ್ರೂ ಕೊನೆಗೆ ಅಂಗಡಿನೇ ತಾನೇ ಇರೋದು? ಯಾವ ಕಡೆ ತಿರುಗಿದ್ರೂ ತಪ್ಪದೇ ಇರೋದು ಅದೊಂದೇ. ಕೊನೇ ಕೋಣೆಗೆ ಶಟರ್ ಇಡಿ, ಶಟರ್ ಆಚೆ ನನ್ನ ಅಂಗಡಿ. ವಿಜ್ಞಾನಕ್ಕೆ ವಿಜ್ಞಾನ, ಮಾರಾಟಕ್ಕೆ ಮಾರಾಟ."

ಮೂಲೆಯ ಕುರ್ಚಿಯಲ್ಲಿ ಕಿಡಿಯ ಅಕ್ಕ ಕೂತಿದ್ದಳು. ಭವನಕ್ಕೆ ಬಂದವರನ್ನು ಸುತ್ತಾಡಿಸಿ ವಿವರಿಸುವುದು ಅವಳ ಕೆಲಸ. ಸೇರಿದಂದಿನಿಂದ ಇಂದಿನವರೆಗೆ ತಾತ್ಕಾಲಿಕ. ಸೂರ್ಯನಿಗೂ ಒಂದು ದಿನ ಮುಗಿತಾಯ ಉಂಟು ಅಂತ ಎಲ್ಲರಿಗೂ ಹೇಳುತ್ತಿದ್ದವಳಿಗೆ ತನ್ನ ತಾತ್ಕಾಲಿಕಕ್ಕೆ ಮುಗಿತಾಯ ಕಂಡಿರಲಿಲ್ಲ.

"ಸಾರ್, ಅಲ್ಲಿ ಏನೂ ಇಡಬೇಡಿ," ಎಂದಳು. "ಇಲ್ಲಿಗೆ ನಮ್ಮ ಲೆಕ್ಕ ಮುಗೀತು, ಮುಂದೇನಿದೆ ಯಾರಿಗೂ ಗೊತ್ತಿಲ್ಲ ಅಂತ ಒಂದು ಬೋರ್ಡ್ ಹಾಕಿ. ಸತ್ಯ ಅಷ್ಟೇ."

ನಿರ್ದೇಶಕರು ಅವಳನ್ನು ಹಾಲಿಗೆ ಬಿದ್ದ ಇರುವೆಯಂತೆ ನೋಡಿದರು. "ಗೊತ್ತಿಲ್ಲ ಅಂತ ಗೋಡೆ ಮೇಲೆ ಬರೆಸೋಕೆ ವಿಜ್ಞಾನ ಭವನ ಯಾಕಮ್ಮ ಬೇಕು? ಗೊತ್ತಿಲ್ಲ ಅನ್ನೋರು ಬೀದಿ ತುಂಬ ಇದಾರೆ." ಹೇಳುತ್ತ ಕಣ್ಣು ಕಿಡಿಯ ಕಡೆ ಹೊರಳಿತು. "ನನ್ನ ಇಡೀ ಸರ್ವೀಸಲ್ಲಿ ಆ ಮಾತು ನಾನು ಒಂದು ಸಲ ಆಡಿಲ್ಲ. ಉದ್ಘಾಟನೆಗೆ ಸರ್ಕಾರದ ದೊಡ್ಡವರೊಬ್ಬರು ಬರ್ತಾರೆ. ಅವರ ಜೊತೆ ಒಳಗೆ ನಡೆಯೋಳು ನೀನು. ಆ ಕೋಣೇಲಿ ನಿಂತು, 'ಇದು ಇನ್ನೊಂದು ಲೋಕದ ಬಾಗಿಲು' ಅನ್ನು, ಶಟರ್ ಏಳುತ್ತೆ. ಚೆನ್ನಾಗಿ ಅಂದ್ರೆ ಮಾರನೇ ದಿನವೇ ನಿನ್ನ ಕೆಲಸ ಕಾಯಂ. ಗೊತ್ತಿಲ್ಲ ಗಿತ್ತಿಲ್ಲ ಅಂದ್ಯೋ, ಆಮೇಲೆ ಈ ಗೇಟಿನ ಕಡೆ ತಲೆ ಹಾಕ್ಬೇಡ."

ಸೈಕಲ್ ರಿಪೇರಿ ಅಂಗಡಿಯ ಮೇಲೆ ಅಕ್ಕ ತಮ್ಮನ ಎರಡು ಕೋಣೆ. ಕೆಳಗೆ ಯಾರಾದರೂ ಟಯರಿಗೆ ಗಾಳಿ ಹೊಡೆದರೆ ಮೇಲೆ ಪಾತ್ರೆ ಅಲುಗುತ್ತಿತ್ತು. ಅಂದು ಸಂಜೆ ಅವಳು ಪಾತ್ರೆ ತಿಕ್ಕುತ್ತಿದ್ದಳು. ತಿಕ್ಕುವ ರಭಸಕ್ಕೆ ಕಿಡಿಗೆ ಎಲ್ಲ ತಿಳಿಯಿತು.

"ಹೇಳಿಬಿಡಕ್ಕ. ಬಾಗಿಲು ಅಂತ ತಾನೇ? ಬಾಯಿಗೇನು ಬಾಡಿಗೆ ಕಟ್ಬೇಕಾ?"

"ಸುಳ್ಳು ಕಣೋ ಅದು."

"ಭಾವಮೈದನ ಅಂಗಡಿ ಸುಳ್ಳಲ್ವಾ? ನಿರ್ದೇಶಕರ ತಲೆಕೂದಲು ಸುಳ್ಳಲ್ವಾ? ಎಲ್ಲರದ್ದೂ ನಡೆಯುತ್ತೆ, ನಿನ್ನದೊಂದಕ್ಕೆ ಕಂಟಕನಾ?"

ಅಕ್ಕ ಕೈ ಒರೆಸಿಕೊಂಡು ಮೇಜಿನ ಮೇಲಿದ್ದ ಹಳೆಯ ಕ್ಯಾಲ್ಕುಲೇಟರನ್ನು ಅವನ ಮುಂದೆ ತಳ್ಳಿದಳು. "ಯಾವುದಾದ್ರೂ ಸಂಖ್ಯೆ ಒತ್ತು. ಅದನ್ನ ಸೊನ್ನೆಯಿಂದ ಭಾಗಿಸು. ಏನ್ ಬಂತು?"

"ಎರರ್ ಅಂತು."

"ಅಷ್ಟೇ ಕಣೋ ಸಿಂಗ್ಯುಲಾರಿಟಿ. ದೊಡ್ಡ ನಕ್ಷತ್ರ ಉರಿದು ಮುಗಿದು ತನ್ನ ಭಾರಕ್ಕೆ ತಾನೇ ಕುಸಿಯುತ್ತೆ. ಕುಸೀತಾ ಕುಸೀತಾ ಎಲ್ಲಿ ನಿಲ್ಲುತ್ತೆ ಅಂತ ಲೆಕ್ಕ ಹಾಕಿದ್ರೆ, ಗಾತ್ರ ಸೊನ್ನೆ, ಸಾಂದ್ರತೆ ಅನಂತ ಅಂತ ಬರುತ್ತೆ. ಅನಂತ ಅನ್ನೋದು ಉತ್ತರ ಅಲ್ಲ. ನಮ್ಮ ಲೆಕ್ಕ ಕೈಚೆಲ್ಲಿ ಕೂತಿದೆ, ಬೇರೆ ಲೆಕ್ಕ ಹುಡುಕ್ರಪ್ಪ ಅಂತ. ಇವರು ಆ ಎರರನ್ನೇ ಒಂದು ವಸ್ತು ಅಂದ್ಕೊಂಡು ಅದಕ್ಕೆ ಲೈಟ್ ಹಾಕಿಸ್ತಿದಾರೆ."

ಕಿಡಿಗೆ ನಗು ಬಂತು. ಶಾಲೆಯಲ್ಲಿ ಅವನು ಇದೇ ಸೊನ್ನೆಯ ವಿಷಯ ಕೇಳಿ ಬೆಂಚಿನ ಮೇಲೆ ನಿಂತಿದ್ದ. ಸೊನ್ನೆಯಿಂದ ಯಾಕೆ ಭಾಗಿಸಬಾರದು ಅಂದದ್ದಕ್ಕೆ ಮೇಷ್ಟ್ರು 'ಭಾಗಿಸಬಾರದು ಅಂದ್ರೆ ಭಾಗಿಸಬಾರದು' ಅಂದಿದ್ದರು. ಅವರಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲ ಅನ್ನುವುದಕ್ಕಿಂತ ಹುಡುಗನನ್ನು ಬೆಂಚು ಹತ್ತಿಸುವುದು ಸುಲಭ. ಹತ್ತಿದವನು ಇಳಿದು ಹಾಗೇ ಗೇಟು ದಾಟಿದ್ದ.

"ಮತ್ತೆ ಒಳಗೆ ಬಿದ್ದೋನು ಹೊರಗಿರೋರಿಗೆ ಹೇಗೆ ಕಾಣ್ತಾನೆ?"

"ಬೀಳೋದೇ ಕಾಣಲ್ಲ. ಹೊಸ್ತಿಲ ಹತ್ರ ಬರ್ತಾ ಬರ್ತಾ ನಿಧಾನ ಆಗ್ತಾನೆ, ನಿಂತ ಹಾಗೇ ಕಾಣ್ತಾನೆ, ಕೆಂಪಾಗ್ತಾನೆ, ಮಂಕಾಗ್ತಾನೆ. ಅವನು ಯಾವತ್ತೋ ಒಳಗೆ ಹೋಗಿರ್ತಾನೆ; ಇವರು ಅವನ ಹಳೇ ಬೆಳಕು ನೋಡ್ತಾ ನಿಂತಿರ್ತಾರೆ."

"ದೊಡ್ಡವರ ಹಾಗೆ," ಎಂದ ಕಿಡಿ. ಅಕ್ಕ ಆಗ ನಕ್ಕಳು. ಆದರೆ ಏನು ಹೇಳುತ್ತೇನೆಂದು ಹೇಳಲಿಲ್ಲ.

ಕೆಲಸ ಶುರುವಾಯಿತು. ಅಗ್ನಿಶಾಮಕದ ಅಧಿಕಾರಿ ಬಂದು ನಕ್ಷೆಯಲ್ಲಿ ಒಂದು ತುರ್ತು ಬಾಗಿಲು ಬರೆದು ಹೋದ. ಪ್ರೊಫೆಸರ್ ಅದನ್ನು ನೋಡಿ ಎದೆ ಹಿಡಿದುಕೊಂಡರು. "ಬೆಳಕೇ ಹೊರಗೆ ಬರಲಾರದ ಕಡೆ ತುರ್ತು ಬಾಗಿಲಾ? ಒಳಗಿಂದ ತೆಗೆಯೋ ಚಿಲಕ ಕೂಡ ಇರಕೂಡದು!" ನಿರ್ದೇಶಕರಿಗೂ ಬೇಕಿದ್ದದ್ದು ಅದೇ: ಹೊಕ್ಕವರು ಹಿಂದಿರುಗದೆ ಅಂಗಡಿಯ ಮೂಲಕವೇ ಹೋಗಲಿ. ಭವನ ಕಟ್ಟಿದಂದಿನಿಂದ ಇಬ್ಬರೂ ಒಪ್ಪಿದ ಮಾತು ಇದೊಂದೇ. ನಕ್ಷೆಯಿಂದ ತುರ್ತು ಬಾಗಿಲು ಅಳಿಸಿಹೋಯಿತು.

ಕಿಡಿ ಸ್ಪ್ರಿಂಗಿನ ಬಾಗಿಲು ಕೂರಿಸಿದ. ತಳ್ಳಿದರೆ ಒಳಗೆ ಬಿಡುತ್ತದೆ, ಹಿಂದೆ ತಾನೇ ಬಡಿದುಕೊಂಡು ಕಚ್ಚುತ್ತದೆ, ಒಳಮೈ ಬೋಳು. ಸದ್ದು ದಾಟದಂತೆ ಫೋಮ್ ತುಂಬಿದ. ತಗಡಿನ ಗೋಡೆಯೊಳಗೆ ಫೋನಿನ ಸಿಗ್ನಲ್ ಸಾಯುತ್ತಿತ್ತು, "ವಾಹ್, ಯಾವ ಸುದ್ದಿಯೂ ಹೊರಗೆ ಬರಲ್ಲ!" ಎಂದು ಪ್ರೊಫೆಸರ್ ಕುಣಿದರು. ಕೊನೆಯ ಕೋಣೆಯ ಶಟರಿಗೆ ಬೀಗ ಅಂಗಡಿಯ ಕಡೆಗೆ. ಇಷ್ಟೆಲ್ಲ ಸೇರಿದರೆ ಏನಾಗುತ್ತದೆಂದು ಕಿಡಿಗೂ ಹೊಳೆಯಲಿಲ್ಲ. ಸುಳ್ಳೇಕೆ, ಒಂದು ಚಿಲಕದ ಕೆಲಸ ತಪ್ಪಿತಲ್ಲ ಎಂಬುದೇ ಅವನ ಖುಷಿ. ಒಳಗೆ ಹೋಗುವವರನ್ನು ಹೊರಗಿನವರು ನೋಡಲಿ ಎಂದು ಬಾಗಿಲಲ್ಲಿ ಒಂದು ಕ್ಯಾಮೆರಾ, ಒಂದು ಕೆಂಪು ಬಲ್ಬು. ಹಾಲ್‌ನಲ್ಲಿ ದೊಡ್ಡ ಪರದೆ.

ಉದ್ಘಾಟನೆಯ ದಿನ ಭಾವಮೈದನ ಸರಕು ಅಂಗಡಿಯಲ್ಲಿ ಹಿಡಿಸದೆ, ಒಂದಷ್ಟು ಪೆಟ್ಟಿಗೆಗಳು ಸಿಂಗ್ಯುಲಾರಿಟಿಯೊಳಗೇ ಬಂದು ಕೂತವು. ಕಪ್ಪುಕುಳಿಯ ಚಿತ್ರದ ಕೀಚೈನುಗಳು. ಶಟರು ಎತ್ತಬೇಕಾದವನು ಭಾವಮೈದ. ಅವನು ಬೀಗದ ಕೈ ಜೇಬಿಗಿಟ್ಟುಕೊಂಡು ಅಂಗಡಿಯಲ್ಲೇ ಕಾಯಬೇಕಿತ್ತು. ಆದರೆ ದೊಡ್ಡವರು ಬಂದರು, ಟೇಪು ಕತ್ತರಿಸಿದರು, ಫೋಟೋ ತೆಗೆಯುವವನು ಮುಂದೆ ಬಂದ. ಫೋಟೋ ಕಂಡಮೇಲೆ ಭಾವಮೈದನ ಕಾಲು ನೆಲದ ಮೇಲೆ ನಿಲ್ಲುವುದುಂಟೆ? ಓಡಿಬಂದು ದೊಡ್ಡವರ ತೋಳಿಗೆ ಅಂಟಿಕೊಂಡ.

ದೊಡ್ಡವರು ಹೊಸ್ತಿಲಲ್ಲಿ ತಿರುಗಿ ಜನಕ್ಕೆ ಕೈಬೀಸಿದರು. ಕತ್ತಲೆ ಕೆಡದಿರಲೆಂದು ಫೋನುಗಳನ್ನು ಹೊರಗೇ ಬಿಟ್ಟು ಹೊಕ್ಕವರು ಅವರು, ನಿರ್ದೇಶಕರು, ಭಾವಮೈದ, ಹಿಂದೆ ಅಕ್ಕ. ಒಳಹೋಗುವ ಮುಂಚೆ ಅವಳು ತಮ್ಮನ ಕಡೆ ಒಮ್ಮೆ ನೋಡಿದಳು. 'ಹೇಳಿಬಿಡು' ಎಂದು ಅವನು ಕಣ್ಣಲ್ಲೇ ಬೇಡಿಕೊಂಡ. ಬಾಗಿಲು ಧಡಾರನೆ ಬಡಿದುಕೊಂಡಿತು. ಬಡಿದ ರಭಸಕ್ಕೆ ಕ್ಯಾಮೆರಾದ ತಂತಿ ಸಂದಿಗೆ ಸಿಕ್ಕಿ, ಬಾಗಿಲು ಹೊರಗಿಂದಲೂ ತೆಗೆಯಲಾಗದಂತೆ ಕಚ್ಚಿಕೊಂಡಿತು.

ಪರದೆಯ ಮೇಲೆ ದೊಡ್ಡವರು ಎತ್ತಿದ ಕೈ ಎತ್ತಿದಂತೆ ನಿಂತುಬಿಟ್ಟರು, ಕೆಂಪು ಬೆಳಕಿನಲ್ಲಿ, ಬಾಯಿ ಅರ್ಧ ತೆರೆದು.

ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿದರೂ ದೊಡ್ಡವರ ಕೈ ಇಳಿಯಲಿಲ್ಲ. ಯಾರೋ ಪಿಸುಗುಟ್ಟಿದರು. ಆಗ ಪ್ರೊಫೆಸರ್ ಮೈಕಿನ ಹತ್ತಿರ ಓಡಿದರು, ಕಣ್ಣಲ್ಲಿ ನೀರಾಡುತ್ತಿತ್ತು.

"ನೋಡಿ! ನೋಡಿ! ಹೊರಗಿನವರಿಗೆ ಕಾಲ ನಿಂತಿದೆ! ಥೇಟ್ ಹೀಗೇ ಆಗಬೇಕು! ಅವರು ಮಂಕಾಗ್ತಾರೆ, ಕಾಯಿರಿ, ಮಂಕಾಗ್ತಾರೆ!"

ಪರದೆಯೂ ಮರ್ಯಾದೆ ಉಳಿಸಿತು, ಒಂಚೂರು ಮಂಕಾಯಿತು. ಇನ್ನೊಮ್ಮೆ ಚಪ್ಪಾಳೆ. ದೊಡ್ಡವರು ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಕಣ್ಣಮುಂದೆಯೇ ಕೈ ಎತ್ತಿ ನಿಂತಿರುವವರನ್ನು ಎಲ್ಲಿ ಅಂತ ಯಾಕೆ ಕೇಳಬೇಕು?

ಕಿಡಿ ಮಾತ್ರ ಪರದೆ ನೋಡಲಿಲ್ಲ, ಬಾಗಿಲ ಸಂದಿಗೆ ಸಿಕ್ಕ ತಂತಿ ನೋಡಿದ. ಅವನು ಹಿಂದಿನ ಓಣಿಯಿಂದ ಅಂಗಡಿಗೆ ನುಗ್ಗಿದ. ಶಟರಿನ ಬೀಗ ನೇತಾಡುತ್ತಿತ್ತು. ನೆಲಕ್ಕೆ ಬಿದ್ದು, ಬೆಳಕು ನುಸುಳದಂತೆ ತಾನೇ ಅಂಟಿಸಿದ್ದ ರಬ್ಬರಿನ ಪಟ್ಟಿಯನ್ನು ಉಗುರಿನಿಂದ ಕಿತ್ತು, ಸಂದಿಗೆ ಕಿವಿ ಇಟ್ಟ.

ಒಳಗೆ ಗವ್ವೆನ್ನುವ ಕತ್ತಲೆ. ಕೊನೆಗೆ ದೀಪ ಬರುವುದು ಶಟರು ಎದ್ದಮೇಲೆ ಎಂದು ನಿರ್ದೇಶಕರೇ ಗೊತ್ತುಮಾಡಿದ್ದರು.

"ಯಾವಾಗ್ರೀ ತೆಗೆಯೋದು ಇದು?" ದೊಡ್ಡವರ ದನಿ. ವೇದಿಕೆಯ ದನಿಯಲ್ಲ, ಕಳೆದುಹೋದ ಕೂಸಿನ ದನಿ.

ಶಟರನ್ನು ಎರಡು ಸಲ ಗುದ್ದಿ ನಿರ್ದೇಶಕರೆಂದರು: "ಗೊತ್ತಿಲ್ಲ ಸಾರ್."

ಕಿಡಿ ಬೀಗ ಕತ್ತರಿಸುವ ಗ್ರೈಂಡರ್ ತರಲು ಏಳಬೇಕಿತ್ತು. ಏಳಲಿಲ್ಲ. ಇಂಥ ಸಂಗೀತ ದಿನಾ ಸಿಗುತ್ತದೆಯೆ?

"ಏನಂದ್ರಿ ಸಾರ್? ಕೇಳಿಸ್ಲಿಲ್ಲ!" ಎಂದು ಸಂದಿಯಿಂದ ಕೂಗಿದ.

"ಯಾರದು? ವೆಲ್ಡಿಂಗ್‌ನೋನಾ? ತೆಗಿಯೋ ಬೇಗ!"

"ಬೀಗ ಇದೆ ಸಾರ್. ಬೀಗದ ಕೈ ಎಲ್ಲಿ? ಸಂದಿಯಿಂದ ತಳ್ಳಿ."

"ಗೊತ್ತಿಲ್ಲಪ್ಪಾ!"

"ಎಷ್ಟು ಜನ ಇದೀರ ಸಾರ್? ಗಾಳಿ ಆಡ್ತಿದ್ಯಾ?"

"ಗೊತ್ತಿಲ್ಲ ಅಂದ್ನಲ್ಲೋ!"

"ನನ್ನ ಹತ್ರ ಇತ್ತು ಭಾವ," ಭಾವಮೈದನ ದನಿ ಇಲಿಮರಿಯಷ್ಟಾಗಿತ್ತು. "ಬೀಗ ಆಚೆ ಕಡೆ ಇರೋದು ಮರೆತು ತೆಗೆಯೋಣ ಅಂತ ಬಂದೆ, ಪೆಟ್ಟಿಗೆ ಎಡವಿದೆ. ಕೀಚೈನೆಲ್ಲ ಚೆಲ್ಲಿತು. ಬೀಗದ ಕೈ ಅದರೊಳಗೇ ಬಿತ್ತು."

"ಹುಡುಕೋ ಮುಠ್ಠಾಳ!"

"ಕೈಗೆ ಸಿಕ್ಕಿದ್ದೆಲ್ಲ ಕೀಚೈನೇ ಭಾವ."

ನಾಲ್ಕು ಕೈಗಳು ಕತ್ತಲೆಯಲ್ಲಿ ಝಣಝಣ ತಡಕಾಡುವ ಸದ್ದು. ನಡುವೆ ಯಾರೋ ಬಿಕ್ಕಿದರು. ಅಕ್ಕನ ದನಿ ಮೆತ್ತಗೆ ಕೇಳಿಸಿತು: "ಇಲ್ಲೇ ಕೂತ್ಕೊಳಿ ಸಾರ್. ನನ್ನ ಕೈ ಹಿಡ್ಕೊಳಿ. ಉಸಿರು ನಿಧಾನ ಬಿಡಿ."

"ಇದು ಇನ್ನೊಂದು ಲೋಕದ ಬಾಗಿಲು ಅಂದಿದ್ರಲ್ಲಮ್ಮ ಇವರು," ದೊಡ್ಡವರು ಮೂಗೆಳೆದುಕೊಂಡರು. "ನಿಜಕ್ಕೂ ಏನಮ್ಮ ಇರುತ್ತೆ ಕೊನೇಲಿ?"

ಕಿಡಿ ಕಿವಿಯನ್ನು ಸಂದಿಗೆ ಇನ್ನಷ್ಟು ಒತ್ತಿದ. ಹೇಳಕ್ಕ. ಬಾಗಿಲು ಅನ್ನು. ಒಂದೇ ಒಂದು ಮಾತು.

"ಗೊತ್ತಿಲ್ಲ ಸಾರ್," ಎಂದಳು ಅಕ್ಕ. "ಯಾರಿಗೂ ಗೊತ್ತಿಲ್ಲ."

ಹೋಯಿತು, ಎಂದುಕೊಂಡ ಕಿಡಿ. ಎದ್ದು ಗ್ರೈಂಡರ್ ತಂದು, ಯಾರದೋ ಕುತ್ತಿಗೆ ಎಂಬಂತೆ ಬೀಗವನ್ನು ಕತ್ತರಿಸಿದ.

ಶಟರು ಎದ್ದಿತು, ಜೊತೆಗೇ ದೀಪ ಹತ್ತಿತು. ವಿಶ್ವದ ಗುಟ್ಟು ಬಯಲಾಯಿತು: ಅನಂತ ಸಾಂದ್ರತೆಯ ಜಾಗದಲ್ಲಿ ನಿರ್ದೇಶಕರು ಮಂಡಿಯೂರಿ ಕೀಚೈನು ರಾಶಿಯಲ್ಲಿ ಕೈಯಾಡಿಸುತ್ತಿದ್ದರು, ವಿಗ್ಗು ಒಂದು ಕಿವಿಯ ಮೇಲೆ. ಭಾವಮೈದ ಪೆಟ್ಟಿಗೆಯೊಳಗೆ ಅರ್ಧ ಇಳಿದಿದ್ದ. ದೊಡ್ಡವರು ಗೋಡೆಗೆ ಒರಗಿ, ಒಂದು ಶೂ ಕಳೆದುಕೊಂಡು, ಅಕ್ಕನ ಕೈಯನ್ನು ಎರಡೂ ಕೈಗಳಿಂದ ಹಿಡಿದು ಕೂತಿದ್ದರು. ಕೆನ್ನೆ ಒದ್ದೆ.

ಬೆಳಕು ಕಂಡದ್ದೇ ಕೈ ಬಿಟ್ಟರು. ಮೊದಲು ಮುಖ ಒರೆಸಿಕೊಂಡರು, ಆಮೇಲೆ ಶೂ, ಆಮೇಲೆ ದನಿ. ಅಂಗಡಿ ದಾಟಿ ಹಾಲ್‌ಗೆ ಬರುವಷ್ಟರಲ್ಲಿ ಅವರು ಮತ್ತೆ ದೊಡ್ಡವರಾಗಿದ್ದರು. ಪರದೆಯ ಮೇಲಿನ ತಮ್ಮ ಕೆಂಪು ಚಿತ್ರದ ಪಕ್ಕ ನಿಂತು, ಅದೇ ಕೈಯನ್ನು ಅಷ್ಟೇ ಎತ್ತರಕ್ಕೆ ಎತ್ತಿ, "ಒಳಗೆ ನಾನು ಅನಂತವಾದ ಬೆಳಕನ್ನು ಕಂಡೆ" ಎಂದರು. ಪ್ರೊಫೆಸರ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು.

ಕಾರು ಹತ್ತುವಾಗ ದೊಡ್ಡವರು ನಿರ್ದೇಶಕರ ಕಿವಿಗೆ ಬಾಗಿದರು. ಬಾಗಿಲು ಹಿಡಿದು ನಿಂತ ಕಿಡಿಗೂ ಕೇಳಿಸಿತು. ಬಾಗಿಲು ಹಿಡಿಯುವವರಿಗೆ ಕಿವಿ ಇರುವುದಿಲ್ಲವೆಂದು ದೊಡ್ಡವರ ನಂಬಿಕೆ.

"ಇವತ್ತೇ ಮುಚ್ಚಿಸಿ. ಒಳಗೆ ಏನಿದೆ, ಏನಾಯ್ತು ಅಂತ ಯಾರು ಕೇಳಿದ್ರೂ ಗೊತ್ತಿಲ್ಲ ಅನ್ನಿ. ಅಷ್ಟೇ. ಮತ್ತೆ ಆ ಹುಡುಗಿ... ಚೆನ್ನಾಗಿ ಹೇಳ್ತಾಳೆ, ನೀಟಾಗಿ, ಮುಖ ನೋಡ್ಕೊಂಡು. ಅವಳನ್ನೇ ಇಟ್ಕೊಳಿ. ಕಾಯಂ ಮಾಡಿ."

ಮಾರನೆಯ ದಿನ ಭವನದ ಗೋಡೆಗೆ ಚಿನ್ನದ ಬಣ್ಣದ ದಪ್ಪ ಅಕ್ಷರ ಬಂತು: 'ಒಳಗೇನಿದೆ ಎಂದು ಯಾರಿಗೂ ಗೊತ್ತಿಲ್ಲ.' ಕೆಳಗೆ ನಿರ್ದೇಶಕರ ಹೆಸರು. ಅದನ್ನು ಬರೆಸಲು ನಿಂತವರು ಅವರೇ, ಅಕ್ಷರ ಇನ್ನೂ ದೊಡ್ಡದಾಗಲಿ ಎಂದವರೂ ಅವರೇ. ಅಕ್ಕನ ಕೈಗೆ ಕಾಯಂ ಆದ ಆದೇಶ ಬಂತು. ಕಿಡಿಗೆ ಬಂದದ್ದು ಕಪ್ಪುಕುಳಿಯ ಬಾಗಿಲನ್ನು ಸುತ್ತಲೂ ಬೆಸೆದು ಮುಚ್ಚುವ ಕೆಲಸ.

"ಗೆದ್ದೆಯಲ್ಲಕ್ಕ!" ಎಂದ ಅವನು, ವೆಲ್ಡಿಂಗ್ ಮುಖವಾಡ ಹಣೆಗೆ ಏರಿಸಿ. "ನಿನ್ನ ಮಾತೇ ಗೋಡೆ ಹತ್ತಿ ಕೂತಿದೆ. ಇನ್ನೇನು ಮುಖ ಊದಿಸ್ಕೊಂಡಿದೀಯ?"

ಅಕ್ಕ ಗೋಡೆಯನ್ನೇ ನೋಡುತ್ತಿದ್ದಳು. "ನನ್ನ ಮಾತು ಅಲ್ಲ ಕಣೋ ಅದು. ಇದರೊಳಗೆ ಏನಿದೆ ಅಂತ ನಂಗೆ ಗೊತ್ತು. ನಿಂಗೂ ಗೊತ್ತು. ಅವರಿಗೂ ಗೊತ್ತು. ಇಷ್ಟು ವರ್ಷ ನನ್ನ ಹತ್ರ ಇದ್ದದ್ದು ಒಂದೇ ಒಂದು ನಿಜದ ಮಾತು. ಅದನ್ನೂ ಇಸ್ಕೊಂಡು ಸುಳ್ಳಿಗೆ ಮುಚ್ಚಳ ಮಾಡ್ಕೊಂಡ್ರು."

ಕಿಡಿ ಮುಖವಾಡ ಇಳಿಸಿ ಬೆಸೆಯತೊಡಗಿದ.

ಮಧ್ಯಾಹ್ನ ಮೊದಲ ಗುಂಪು ಬಂತು. ಬಿಸಿಲಿಗೆ ಕಂಗೆಟ್ಟ ಜನ. ನಿರ್ದೇಶಕರು ಕಂಬದ ಪಕ್ಕ ಕೈಕಟ್ಟಿ ನಿಂತರು, ಹೊಸ ಕಾಯಂ ನೌಕರಳು ಹೇಗೆ ಹೇಳುತ್ತಾಳೆ ನೋಡೋಣವೆಂದು. ಗುಂಪಿನಲ್ಲಿದ್ದ ಒಬ್ಬ ಮುದುಕಿ ಬೆಸೆದ ಬಾಗಿಲನ್ನು ಊರುಗೋಲಿನಿಂದ ತಟ್ಟಿ, "ಒಳಗೇನವ್ವ ಇದೆ?" ಎಂದಳು.

ಅಕ್ಕ ಗೋಡೆಯ ಚಿನ್ನದ ಅಕ್ಷರ ನೋಡಿದಳು. ತಮ್ಮನ ಕಡೆ ನೋಡಿದಳು. ಈ ಸಲ ಕಿಡಿಯ ಕಣ್ಣು ಏನನ್ನೂ ಬೇಡಲಿಲ್ಲ. ಬೇಡಿದ್ದರೂ ಕಾಣದಂತೆ ಮುಖ ಮುಖವಾಡದ ಹಿಂದಿತ್ತು.

"ಇದರೊಳಗಾ ಅಜ್ಜಿ? ಕೀಚೈನ್ ಪೆಟ್ಟಿಗೆ ಇದಾವೆ," ಎಂದಳು ಅಕ್ಕ, ಎಲ್ಲರಿಗೂ ಕೇಳುವಂತೆ. "ನಿನ್ನೆ ದೊಡ್ಡವರು ಇಲ್ಲಿ ಸಿಕ್ಕಿಹಾಕ್ಕೊಂಡು ಅತ್ತರು. ಪಾಪ, ಕತ್ತಲೆ ಇತ್ತು, ಯಾರಾದ್ರೂ ಅಳ್ತಾರೆ. ನಮ್ಮ ನಿರ್ದೇಶಕರು ನೆಲದ ಮೇಲೆ ಬೀಗದ ಕೈ ಹುಡುಕ್ತಿದ್ದರು. ಇದು ಗೊತ್ತಿರೋ ವಿಷಯ." ಕಂಬದ ಪಕ್ಕ ಕಟ್ಟಿದ್ದ ಕೈಗಳು ಬಿಚ್ಚಿಕೊಂಡವು. ಅಕ್ಕ ಆ ಕಡೆ ನೋಡಲಿಲ್ಲ. "ಇನ್ನು ಆಕಾಶದಲ್ಲಿ ನಿಜವಾದ ಕಪ್ಪುಕುಳಿ ಇದೆಯಲ್ಲ, ಅದರ ಕೊನೆಯಲ್ಲಿ ಏನಿದೆ ಅಂದ್ರೆ, ಅದು ನಂಗೆ ಗೊತ್ತಿಲ್ಲ. ಇವರಿಗೂ ಗೊತ್ತಿಲ್ಲ. ಭೂಮಿ ಮೇಲೆ ಒಬ್ಬರಿಗೂ ಗೊತ್ತಿಲ್ಲ. ಅದೇ ಅದರ ಚಂದ."

"ಅಯ್ಯೋ," ಎಂದು ಮುದುಕಿ ಬೊಚ್ಚುಬಾಯಿ ಬಿಟ್ಟು ನಕ್ಕಳು, "ಎಷ್ಟು ಚೆನ್ನಾಗಿ ಹೇಳ್ತೀಯವ್ವ."

ನಿರ್ದೇಶಕರ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಕಿಡಿ ಮುಖವಾಡ ತೆಗೆದು ನೆಲದ ಮೇಲಿಟ್ಟ, ಗ್ರೈಂಡರನ್ನು ಎತ್ತಿಕೊಂಡ, ಬೆಳಗಿನಿಂದ ತಾನೇ ಬೆಸೆದಿದ್ದ ಬಾಗಿಲಿನ ಮೇಲೆ ಆನಿಸಿದ.

"ಹಿಂದೆ ಸರೀರಿ ಅಜ್ಜಿ," ಎಂದ, "ಕಿಡಿ ಹಾರುತ್ತೆ. ನೀವೇ ಒಳಗೆ ಹೋಗಿ ನೋಡ್ಕೊಂಡು ಬರುವಿರಂತೆ."